ನಾಲ್ಕು ಬೆರಳು ತಂತಿ

ಆಲಸನತ್ತ

ಜರ್ಮನಿಯಲ್ಲಿ ಏನೇನು ನೋಡಿದೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಹೆಚ್ಚಾಗಿ ನೋಡಿದ್ದು ಒಂದು ನೆಲಮಾಳಿಗೆ. ಕೋಟೆ, ಅರಮನೆ ಎಲ್ಲ ಇವೆಯಂತೆ. ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಹೊಸೂರಿನ ಪಕ್ಕದ ಆಲಸನತ್ತ. ಹೊಸೂರಿಗೆ ಕಾರ್ಖಾನೆಗಳು ಬಂದಾಗ ನಮ್ಮ ರಾಗಿ ಹೊಲ ಹೋಯಿತು. ಜಮೀನು ಬಿಟ್ಟ ಸಂಸಾರಕ್ಕೆ ಒಂದು ಕೆಲಸ ಎಂದರು. ಅಣ್ಣತಮ್ಮಂದಿರದು ಎರಡು ಸಂಸಾರ, ಎರಡು ಕೆಲಸ. ನಮ್ಮ ಯಜಮಾನನಿಗೆ ಸೈರನ್ನು ಕೂಗಿದಾಗ ಏಳು, ಕೂಗಿದಾಗ ಕೂರು ಎನ್ನುವುದು ಒಗ್ಗಲಿಲ್ಲ. ಮೈದುನನೂ ಅದೇ ತರ. ಒಂದೇ ವಾರಕ್ಕೆ ಇಬ್ಬರೂ ಬಿಟ್ಟುಬಂದು ಜಗಲಿಯ ಮೇಲೆ ಕೂತರು. ಅವರ ಬದಲಿಗೆ ನಾವು ಹೆಂಗಸರು ಹೋದೆವು. ನಾನು ನಂಜಮ್ಮ, ಹಿರಿಯವಳು. ಇನ್ನೊಬ್ಬಳು ಕೆಂಪಿ, ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಅಂಚೆಟ್ಟಿಯ ಆಚೆ ಕಾಡಿನಲ್ಲಿರುವ ನಾಟ್ರಾಂಪಾಳ್ಯ ಅವಳ ತವರು.

ಮೊದಲು ನಮಗೆ ಕೊಟ್ಟಿದ್ದು ಪೊರಕೆ. ಒಂದು ದಿನ ಬೆಂಚಿನ ಮೇಲೆ ಎಂಜಿನಿಯರು ಮೂರ್ತಿ ಸಾರು ಎರಡು ತಂತಿಗಳನ್ನು ಒಂದಕ್ಕೊಂದು ಸುತ್ತಲು ಒದ್ದಾಡುತ್ತಿದ್ದರು. ಸುತ್ತಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಕಸ ಗುಡಿಸುತ್ತಿದ್ದ ಕೆಂಪಿ ಪೊರಕೆ ನಿಲ್ಲಿಸಿ ನಕ್ಕಳು.

"ಅದೇನ್ ಸಾರ್, ಇಷ್ಟು ಓದವ್ರೆ, ಎಮ್ಮೆ ಹಗ್ಗ ಹೊಸೆಯಕ್ಕೆ ಬರಲ್ವಾ?"

"ನಿಂಗೆ ಬತ್ತದಾ?"

"ನಂಗೊಬ್ಬಳಿಗೆ ಬರಲ್ಲ. ಇವಳು ಆ ಕಡೆ ಹಿಡಕಂಡ್ರೆ ಬತ್ತದೆ."

ಕೆಂಪಿಯ ತವರಿನಲ್ಲಿ ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಒಬ್ಬರು ಒಂದು ತುದಿ ಹಿಡಿದು ಬಲಕ್ಕೆ ತಿರುವಬೇಕು, ಎದುರಿನವರು ಎಡಕ್ಕೆ. ಇಬ್ಬರ ಎಳೆತವೂ ಒಂದೇ ಸಮ ಇರಬೇಕು. ಮದುವೆಯಾಗಿ ಬಂದ ಹೊಸದರಲ್ಲೇ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದ್ದಳು. ತಂತಿಯೂ ಹಾಗೇ ಬಂತು. ಉಗುರಿನಲ್ಲಿ ತುದಿಯನ್ನು ಚಿವುಟಿ ಹಿಡಿದು ಹೊಸೆದರೆ ಹುರಿ ಕಟ್ಟಕಡೆಯವರೆಗೂ ಕೂತುಕೊಳ್ಳುತ್ತಿತ್ತು. ಮಾರನೆಯ ದಿನದಿಂದ ನಾವಿಬ್ಬರೂ ಬೆಂಚಿನ ಎರಡು ಕಡೆ ಎದುರುಬದುರು ಕೂತೆವು. ಬೆಸುಗೆ ಹಾಕುವ ಐದು ಹೆಂಗಸರು, ತಂತಿಯ ನಾವಿಬ್ಬರು, ಒಟ್ಟು ಏಳು ಜನ.

ನಾವು ಮಾಡುತ್ತಿದ್ದ ಪೆಟ್ಟಿಗೆ ಇಟ್ಟಿಗೆಯಷ್ಟು ದೊಡ್ಡದು. ಅದರಿಂದ ಹೋಗುವ ಕರೆಂಟಿನಲ್ಲಿ ಲೇಸರ್ ಎಂಬ ಬೆಳಕು ಉರಿಯುತ್ತದೆ. ಆ ಬೆಳಕು ಹಿಡಿದು ಜರ್ಮನಿಯವರು ಏನನ್ನೋ ಬಹಳ ಸೂಕ್ಷ್ಮವಾಗಿ ಅಳೆಯುತ್ತಾರೆ. ಯಾಕೆ ಇಷ್ಟು ಒದ್ದಾಟ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಮೂರ್ತಿ ಸಾರು ಹೇಳಿದ್ದು ಇನ್ನೂ ನೆನಪಿದೆ.

"ಅಕ್ಕಾ, ಅಕ್ಕಸಾಲಿ ಚಿನ್ನ ತೂಗೋವಾಗ ಪಕ್ಕದಲ್ಲಿ ಒಬ್ಬ ಕೂತ್ಕಂಡು ತಕ್ಕಡಿಗೆ ಉಫ್ ಉಫ್ ಅಂತ ಊದ್ತಾ ಇದ್ರೆ ಮುಳ್ಳು ನಿಲ್ತದಾ? ಕರೆಂಟಿನಲ್ಲಿ ಇರೋ ನಡುಕ ಅಂಥದ್ದು. ನಾವು ಅದನ್ನ ಸದ್ದು ಅಂತೀವಿ. ಕಿವೀಗೆ ಕೇಳಲ್ಲ. ನಮ್ಮ ಪೆಟ್ಟಿಗೇಲಿ ಆ ಸದ್ದು ಇರಬಾರದು, ಅಷ್ಟೇ."

ಆರೇಳು ವರ್ಷ ಆ ಸದ್ದು ಇರಲಿಲ್ಲ. ನಮ್ಮ ಪೆಟ್ಟಿಗೆಯಷ್ಟು ಸುಮ್ಮನಿರುವ ಪೆಟ್ಟಿಗೆ ಬೇರೆ ಕಡೆ ಸಿಗುವುದಿಲ್ಲ ಎಂದು ಜರ್ಮನಿಯಿಂದ ಕಾಗದವೂ ಬಂದಿತ್ತು.

ಸದ್ದಿದ್ದದ್ದು ನಮ್ಮಿಬ್ಬರ ಮನೆಯಲ್ಲಿ. ಅಣ್ಣತಮ್ಮಂದಿರು ಮನೆಗೆ ನಡುಗೋಡೆ ಎಬ್ಬಿಸಿದಾಗ ಅತ್ತೆಯ ಒರಳುಕಲ್ಲು ಕೆಂಪಿಯ ಕಡೆಗೆ ಹೋಯಿತು. ಹಿರಿಸೊಸೆ ನಾನು, ನನಗೆ ಬರಬೇಕು ಎಂದೆ. "ಕಲ್ಲು ಕಿತ್ಕಂಡ್ ಹೋಗು, ಕೈಲಾದ್ರೆ" ಎಂದಳು. ಮಾತು ಬಿಟ್ಟೆವು. ಒಂದೂವರೆ ವರ್ಷ. ಬೆಳಗ್ಗೆ ಒಂದೇ ದಾರಿಯಲ್ಲಿ ಹತ್ತು ಮಾರು ಹಿಂದೆಮುಂದೆ ನಡೆದುಹೋಗಿ, ಎದುರುಬದುರು ಕೂತು, ಸಂಜೆಯವರೆಗೆ ತಂತಿ ಹೊಸೆಯುತ್ತಿದ್ದೆವು. ಕೆಲಸಕ್ಕೆ ಎರಡು ಮಾತು ಬೇಕೇ ಬೇಕಾಗಿತ್ತು. ಶುರು ಮಾಡುವಾಗ ನಾನು "ಹಿಡಿ" ಎನ್ನುತ್ತಿದ್ದೆ. ಹುರಿ ತುಂಬಿದ್ದು ಅವಳ ಬೆರಳಿಗೆ ಮೊದಲು ತಿಳಿಯುತ್ತಿತ್ತು. ಆಗ ಅವಳು "ಬುಡು" ಎನ್ನುತ್ತಿದ್ದಳು. ಅಷ್ಟು ಬಿಟ್ಟರೆ ಒಂದು ಅಕ್ಷರ ಆಡಲಿಲ್ಲ.

ಆಮೇಲೆ ಅವಳಿಗೆ ಕಾಮಾಲೆ ಆಯಿತು. ತವರಿನಲ್ಲಿ ಸೊಪ್ಪಿನ ಔಷಧಿ ಕೊಡುತ್ತಾರೆ ಎಂದು ನಾಟ್ರಾಂಪಾಳ್ಯಕ್ಕೆ ಹೋದಳು, ಅಲ್ಲೇ ಸತ್ತಳು.

ನಾನು ಗೋಡೆಗೆ ಒಂದು ಮೊಳೆ ಹೊಡೆದೆ. ಅವಳು ಹಿಡಿಯುತ್ತಿದ್ದ ತುದಿಯನ್ನು ಮೊಳೆಗೆ ಸಿಕ್ಕಿಸಿ ಒಬ್ಬಳೇ ಹೊಸೆದೆ. ಕೆಲಸ ನಿಲ್ಲಲಿಲ್ಲ. ಆರು ತಿಂಗಳು ಕಳೆದ ಮೇಲೆ ಜರ್ಮನಿಯಿಂದ ಇನ್ನೊಂದು ಕಾಗದ ಬಂತು. ಹೊಸ ಪೆಟ್ಟಿಗೆಗಳಲ್ಲಿ ಸದ್ದಿದೆ.

ಹೊಸೂರಿನಲ್ಲಿ ಎಷ್ಟು ಬಿಚ್ಚಿ ನೋಡಿದರೂ ಕಾರಣ ಸಿಗಲಿಲ್ಲ. ನಮ್ಮ ಮೀಟರಿಗೆ ಕಾಣುವಷ್ಟು ದೊಡ್ಡ ಸದ್ದಲ್ಲವಂತೆ. ಮ್ಯಾನೇಜರು ನಮ್ಮ ಏಳು ಸ್ಟೂಲುಗಳ ಮುಂದೆ, ಅದರಲ್ಲೊಂದು ಖಾಲಿ, ನಿಂತು ತಮಿಳಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದರು: ಈ ತಿಂಗಳೊಳಗೆ ಕಾರಣ ಸಿಗದಿದ್ದರೆ ಜರ್ಮನಿಯವರು ಆರ್ಡರು ಬಿಡುತ್ತಾರೆ, ಬೆಂಚು ಎತ್ತಿಬಿಡುತ್ತೇವೆ, ನೀವೆಲ್ಲ ಮನೆಗೆ. ಅಲ್ಲಿಯ ಪ್ರೊಫೆಸರು ಬರೆದಿದ್ದರಂತೆ, ಎಂಜಿನಿಯರ ಜೊತೆಗೆ ತಂತಿ ಹೊಸೆಯುವ ಕೈಗಳನ್ನೂ ಕಳಿಸಿ ಎಂದು. ಕೈ ಇದ್ದದ್ದು ನಾಲ್ಕು, ಉಳಿದದ್ದು ಎರಡು. ಹೀಗೆ ನಾನು ಹೊರಟೆ.

ಯಜಮಾನ ಜಗಲಿಯಿಂದಲೇ ಕೇಳಿದ. "ಎತ್ತಾಗೆ ಹೊಂಟೆ ಮುದುಕಿ, ಪ್ಲೇನು ಹತ್ಕಂಡು? ಎರಡು ವಾರ ಮುದ್ದೆ ಯಾರು ತೊಳಸ್ತಾರೆ?"

"ಕೈಯಿಲ್ವಾ ನಿಂಗೆ?" ಎಂದೆ.

ಬೊಂಬಾಯಿಯಿಂದ ಮೇಲೆ

ವಿಮಾನದಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ ಎಂದರು. ಎರಡು ತುದಿ ಕೈಯಲ್ಲಿ ಹಿಡಿದು ನೋಡಿದೆ. ಕಟ್ಟಿಕೊಳ್ಳಿ ಎಂದರೆ ಕಟ್ಟಬೇಕು ತಾನೆ? ಎತ್ತಿನ ಕೊರಳಿಗೆ ಹಾಕುವ ಗಂಟು ಹಾಕಿ ಬಿಗಿದು ಕೂತೆ. ಮೂರ್ತಿ ಸಾರು ಕಿಟಕಿಯ ಕಡೆ ನೋಡುತ್ತಿದ್ದರು. ಇಳಿಯುವ ಹೊತ್ತಿಗೆ ಆ ಗಂಟು ನನಗೇ ಬಿಚ್ಚಲು ಬರಲಿಲ್ಲ, ಎಳೆದೆಳೆದು ಕಲ್ಲಾಗಿತ್ತು. ಬಣ್ಣ ಹಚ್ಚಿಕೊಂಡ ಹುಡುಗಿಯರು ಇಬ್ಬರು ಬಂದು ನನ್ನ ಹೊಟ್ಟೆಯ ಮೇಲೆ ಬಗ್ಗಿ ಉಗುರು ಮುರಿದುಕೊಂಡರು.

"ಇದಕ್ಕೆ ಬಕಲ್ ಐತಲ್ಲ ಅಕ್ಕಾ, ಸಿಕ್ಕಿಸಿದ್ರೆ ಆಗ್ತಿತ್ತು" ಎಂದರು ಮೂರ್ತಿ ಸಾರು, ಮುಖ ಕೆಂಪು ಮಾಡಿಕೊಂಡು.

"ಮೊದ್ಲೇ ಹೇಳ್ಬೇಕಾಗಿತ್ತು. ಗಂಟು ಗಟ್ಟಿಯಾಗಿ ಬಿದ್ದದ್ದು ನನ್ ತಪ್ಪಾ?"

ಎಲ್ಲರೂ ಇಳಿದುಹೋದ ಮೇಲೆ, ತಂತಿ ಕೆಲಸಕ್ಕೆಂದು ಒಯ್ದಿದ್ದ ನನ್ನ ಇಕ್ಕಳದಿಂದಲೇ ಬಿಚ್ಚಿದೆವು.

ಆ ದೇಶದಲ್ಲಿ ಕಾಲಿಟ್ಟಾಗ ಗೊತ್ತಾದ ಮೊದಲ ಸಂಗತಿ, ಎಲೆಅಡಿಕೆ ಉಗಿಯಲು ಅಲ್ಲಿ ಜಾಗವೇ ಇಲ್ಲ. ನೆಲವೆಲ್ಲ ಊಟಕ್ಕೆ ಕೂರಬಹುದು ಎನ್ನುವಷ್ಟು ಸಾರಿಸಿದ ಹಾಗಿದೆ. ಒಂದು ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಓಡಾಡಿದೆ. ಜನ ಅದರಲ್ಲಿ ಏನಿದೆಯೋ ಎಂದು ಗೌರವದಿಂದ ದಾರಿ ಬಿಟ್ಟರು.

ಎಲ್ಸಮ್ಮನ ಮನೆ

ಊರಿನ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ನದಿ ಇದೆ, ಟ್ರಾಮು ಇದೆ. ನನ್ನನ್ನು ಇಳಿಸಿದ್ದು ಎಲ್ಸ ಎಂಬ ಹೆಂಗಸಿನ ಮನೆಯಲ್ಲಿ. ನಾನು ಎಲ್ಸಮ್ಮ ಎಂದು ಕರೆದೆ, ಅವಳು ಓ ಎಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಪ್ಯಾಂಟು ಹಾಕುತ್ತಾಳೆ, ಮೂಗು ಗಿಣಿಯದು. ಪ್ರೊಫೆಸರ ವರ್ಕ್‌ಶಾಪಿನಲ್ಲಿ ತಂತಿ ಕೆಲಸವೇ ಅವಳದೂ, ಮೂವತ್ತು ವರ್ಷದಿಂದ. ತಾನಿರುವಾಗ ಇಂಡಿಯಾದಿಂದ ಇನ್ನೊಬ್ಬಳನ್ನು ಕರೆಸಿದ್ದಾರೆ ಎಂದು ಮೊದಲ ದಿನ ಸಿಡುಕಿಕೊಂಡೇ ಇದ್ದಳು. ನನ್ನ ಕೈ ಹಿಡಿದು ತಿರುಗಿಸಿ, ಹೆಬ್ಬೆರಳಿನ ಉಗುರಿನಲ್ಲಿ ತಂತಿ ಕೊರೆದ ಗೀರು ನೋಡಿದಳು. ತನ್ನ ಹೆಬ್ಬೆರಳು ತೋರಿಸಿದಳು. ಅವಳಿಗೂ ಇತ್ತು. ಆಮೇಲೆ ಸಿಡುಕು ಕಡಿಮೆಯಾಯಿತು.

ಅವರು ಬೆಳಗ್ಗೆ ತಣ್ಣನೆಯ ರೊಟ್ಟಿ ತಿನ್ನುತ್ತಾರೆ, ರಾತ್ರಿಯೂ ಅದೇ. ನಾನು ಒಯ್ದಿದ್ದ ಹಿಟ್ಟಿನಲ್ಲಿ ಮುದ್ದೆ ತೊಳಸಿ ಅವಳಿಗೂ ಒಂದು ಇಟ್ಟೆ. ಎಲ್ಸಮ್ಮ ಅದನ್ನು ಚಾಕುವಿನಲ್ಲಿ ನಾಲ್ಕು ಭಾಗ ಕುಯ್ದು, ಮುಳ್ಳುಚಮಚದಲ್ಲಿ ಎತ್ತಿ, ಅಗಿಯತೊಡಗಿದಳು. ಅಗಿದಳು, ಅಗಿದಳು, ಕಣ್ಣಲ್ಲಿ ನೀರು ಬಂದರೂ ಉಗಿಯಲಿಲ್ಲ. ಹಟ ಇರುವ ಹೆಂಗಸು. ಗಂಟಲು ತೋರಿಸಿ, ಅಗಿಯಬಾರದು, ನುಂಗಬೇಕು ಎಂದು ಮಾಡಿ ತೋರಿಸಿದೆ. ನಾನು ಸಾಯುತ್ತೇನೋ ಎನ್ನುವ ಹಾಗೆ ಎದ್ದು ನನ್ನ ಬೆನ್ನು ಗುದ್ದಿದಳು.

ಆ ಜನ ಖಾಲಿ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ನಿಲ್ಲುತ್ತಾರೆ. ಹಸು ಇಲ್ಲ, ಸೈಕಲ್ಲಿಲ್ಲ, ನಿಂತೇ ಇರುತ್ತಾರೆ. ಟ್ರಾಮಿನಲ್ಲಿ ನಾಯಿಯೂ ಬೊಗಳುವುದಿಲ್ಲ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಹೊಸೂರಿನಲ್ಲಿ ಬೇರಿಕೆ ಬಸ್ಸು ಹತ್ತಿದರೆ ಬಾಗಲೂರು ಬರುವುದರೊಳಗೆ ಪಕ್ಕದವಳಿಗೆ ನಮ್ಮ ತವರು, ಮಕ್ಕಳು, ಮೊಣಕಾಲು ನೋವು ಎಲ್ಲ ಗೊತ್ತಾಗಿರುತ್ತದೆ. ತಮಿಳಿನಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಹೇಳಿದರೂ ನಡೆಯುತ್ತದೆ. ಇಲ್ಲಿ ಎದುರಿನ ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಕಿಸಿ ಕೂತವರು ಗೋಡೆ ನೋಡಿದ ಹಾಗೆ ನೋಡುತ್ತಾರೆ.

ಇಂಥದ್ದು ನನಗೆ ಹೊಸದಲ್ಲ ಎಂದು ಅಂದುಕೊಂಡೆ. ಒಂದೂವರೆ ವರ್ಷ ನಾನೂ ಹಾಗೇ ಕೂತಿದ್ದೆ.

ನೆಲಮಾಳಿಗೆ

ಅಳೆಯುವ ಕೋಣೆ ಭೂಮಿಯ ಒಳಗಿದೆ. ಮೇಲೆ ಲಾರಿ ಹೋದರೆ ಅದುರಬಾರದು ಎಂದು. ಕಲ್ಲಿನ ಮೇಜು, ಅದರ ಮೇಲೆ ಕನ್ನಡಿ ಚೂರುಗಳು, ನಡುವೆ ಹೆಬ್ಬೆರಳಿನಷ್ಟು ಗಾಜಿನ ಬುಡ್ಡಿ. ಬುಡ್ಡಿಯಲ್ಲಿ ಯಾವುದೋ ಲೋಹದ ಹಬೆ ಇದೆಯಂತೆ. ಲೇಸರಿನ ಬೆಳಕು ಸರಿಯಾಗಿ ಒಂದೇ ಬಣ್ಣದಲ್ಲಿ ನಿಂತರೆ ಆ ಹಬೆ ಅದನ್ನು ಕುಡಿದು ತಾನೂ ಹೊಳೆಯುತ್ತದೆ. ಕೂದಲೆಳೆಯಷ್ಟು ಆಚೆ ಹೋದರೂ ಕುಡಿಯುವುದಿಲ್ಲ. ಆ ಹೊಳಪು ಬರಿಗಣ್ಣಿಗೆ ಕಾಣದು. ಪ್ರೊಫೆಸರು ಒಂದು ಕೊಳವೆ ಕೊಟ್ಟು ಅದರಲ್ಲಿ ನೋಡಿ ಎಂದರು. ಹಳೆಯ ಪೆಟ್ಟಿಗೆ ಹಾಕಿದ್ದರು. ಬುಡ್ಡಿಯ ನಡುವೆ ದಾರ ಎಳೆದ ಹಾಗೆ ಒಂದು ಗೆರೆ ಹೊಳೆಯುತ್ತಿತ್ತು. ಅಲ್ಲಾಡುತ್ತಿರಲಿಲ್ಲ. ಅದು ಕೆಂಪಿಯೂ ನಾನೂ ಹೊಸೆದ ಪೆಟ್ಟಿಗೆ. ಹೊಸೂರಿನಲ್ಲಿ ಏಳು ವರ್ಷ ಮಾಡಿದ್ದು ಏನು ಎಂದು ನಾನು ಆವತ್ತು ನೋಡಿದೆ. ಅವಳು ನೋಡಲಿಲ್ಲ.

ಆಮೇಲೆ ಹೊಸ ಪೆಟ್ಟಿಗೆ ಹಾಕಿದರು. ಗೆರೆ ಬಂತು, ಹೋಯಿತು, ಬಂತು, ಹೋಯಿತು.

ನಾನು ಬಗ್ಗಿ ಪೆಟ್ಟಿಗೆಗೆ ಕಿವಿ ಇಟ್ಟೆ. ಎಲ್ಲರೂ ನಕ್ಕರು. ಕಿವಿಗೆ ಕೇಳುವುದಿಲ್ಲ ಎಂದು ಗೊತ್ತಿತ್ತು, ಆದರೂ ಹೊಟ್ಟೆನೋವು ಎಂದವರ ಹೊಟ್ಟೆ ಮುಟ್ಟಿ ನೋಡುವುದಿಲ್ಲವೇ, ಹಾಗೆ. ಆ ಸದ್ದನ್ನು ನೋಡಲು ಅವರಲ್ಲಿ ಒಂದು ಪರದೆ ಇತ್ತು. ಒಳ್ಳೆಯ ಪೆಟ್ಟಿಗೆಗೆ ಅದರಲ್ಲಿ ಸಣ್ಣ ಗೆರೆ, ಕೆಟ್ಟದ್ದಕ್ಕೆ ಹಾವು ಹರಿದ ಹಾಗೆ ಡೊಂಕು ಗೆರೆ.

ನಾಲ್ಕು ದಿನ ಹುಡುಕಿದರು. ಟ್ಯೂಬ್‌ಲೈಟು ಆರಿಸಿ ನೋಡಿದರು. ಮೇಲಿನ ಲಿಫ್ಟು ನಿಲ್ಲಿಸಿ, ಪಾಪ, ಕುಂಟುವವರೊಬ್ಬರನ್ನು ಮೆಟ್ಟಿಲು ಹತ್ತಿಸಿದರು. ಅರ್ತ್ ತಂತಿ ಬದಲಾಯಿಸಿದರು. ಮೂರ್ತಿ ಸಾರು ಒಂದೊಂದೇ ಬಿಡಿಭಾಗ ಕಿತ್ತು ಅಳೆದು ಮತ್ತೆ ಹಾಕಿದರು. ಹಳೆಯದರಲ್ಲಿ ಇರುವುದೇ ಹೊಸದರಲ್ಲೂ ಇದೆ. ಅವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ.

"ಅಕ್ಕಾ, ಸೋಮವಾರ ಸಿಗದಿದ್ರೆ ಮ್ಯಾನೇಜರಿಗೆ ಟೆಲಿಗ್ರಾಂ ಕೊಡಬೇಕು, ಆಗಲಿಲ್ಲ ಅಂತ" ಎಂದರು.

ನಾನು ಊರಲ್ಲಿ ಕಾಯುತ್ತಿದ್ದ ಐದು ಹೆಂಗಸರನ್ನು ನೆನೆದೆ. ಹೊರಡುವಾಗ ಅವರಲ್ಲಿ ಒಬ್ಬಳು, "ನಂಜಕ್ಕ, ಅದೇನ್ ರೋಗ ಅಂತ ತಿಳ್ಕಂಡೇ ಬಾ, ಇಲ್ಲಾಂದ್ರೆ ಬರಲೇಬ್ಯಾಡ" ಎಂದಿದ್ದಳು. ನಗುತ್ತಾ ಅಂದಿದ್ದು. ಪೂರ್ತಿ ನಗುವಲ್ಲ.

ಭಾನುವಾರ

ರಜಾ ದಿನ ಎಲ್ಸಮ್ಮ ನನ್ನನ್ನು ಒಂದು ತೋಟಕ್ಕೆ ಕರೆದುಕೊಂಡು ಹೋದಳು. ಜನ ಸುಮ್ಮನೆ ನಡೆಯುತ್ತಾರೆ. ಎಲ್ಲಿಗೂ ಹೋಗುವುದಿಲ್ಲ, ನಡೆದು ವಾಪಸು ಬರುತ್ತಾರೆ. ನಮ್ಮಲ್ಲಿ ಕೆಲಸವಿಲ್ಲದೆ ನಡೆದರೆ ಏನಾಯಿತಮ್ಮ ಎಂದು ಕೇಳುತ್ತಾರೆ.

ತೋಟದ ನಡುವೆ ದೊಡ್ಡ ಮರದ ತೊಟ್ಟಿಯಲ್ಲಿ ಒಂದು ಗಿಡ ಇಟ್ಟಿದ್ದರು. ಸುತ್ತ ಸರಪಳಿ, ಮುಂದೆ ಹೆಸರು ಬರೆದ ಹಲಗೆ. ಜನ ನಿಂತು ಫೋಟೋ ತೆಗೆಯುತ್ತಿದ್ದರು. ಹತ್ತಿರ ಹೋದರೆ ಕತ್ತಾಳೆ! ನಮ್ಮ ಹೊಲದ ಬೇಲಿಯ ಕತ್ತಾಳೆ. ಆಡೂ ಮುಟ್ಟದ ಗಿಡ. ಚಳಿಗಾಲದಲ್ಲಿ ಅದನ್ನು ಗಾಜಿನ ಮನೆಯೊಳಗೆ ಬೆಚ್ಚಗೆ ಇಡುತ್ತಾರಂತೆ. ಎಲ್ಸಮ್ಮ ಮೈಮೇಲೆ ಕಂಬಳಿ ಹೊದ್ದ ಹಾಗೆ ಮಾಡಿ ತಿಳಿಸಿದಳು.

ನನಗೆ ನಗು ಬಂತು. ಕೆಂಪಿಗೆ ಇದನ್ನು ಹೇಳಬೇಕು ಅನ್ನಿಸಿತು. "ನಿಮ್ಮೂರ ಕತ್ತಾಳೆಗೆ ಇಲ್ಲಿ ಸರಪಳಿ ಕಟ್ಟಿ ಹಾಸಿಗೆ ಹಾಸವ್ರೆ ಕಣೆ" ಎಂದರೆ ಅವಳು ಸೆರಗು ಬಾಯಿಗೆ ಇಟ್ಟುಕೊಂಡು ಬೆಂಚಿನ ಮೇಲೆ ಬಿದ್ದು ನಗುತ್ತಿದ್ದಳು. ಹೇಳುವಂತಿಲ್ಲ. ಬದುಕಿದ್ದರೂ ಹೇಳುವಂತಿರಲಿಲ್ಲ, ಮಾತು ಬಿಟ್ಟಿದ್ದೆವಲ್ಲ. ಆದರೆ ಬದುಕಿದ್ದರೆ ಕತ್ತಾಳೆಗಾಗಿ ಮಾತು ಶುರುಮಾಡುತ್ತಿದ್ದೆನೇನೋ. ನಾನು ಮೊದಲು ಮಾತಾಡುವವಳಲ್ಲ. ಆದರೂ.

ಅವಳು ತವರಿಗೆ ಹೊರಟ ದಿನ ನಾನೂ ಬಸ್ ಸ್ಟ್ಯಾಂಡಿನಲ್ಲಿದ್ದೆ. ಕಳಿಸಲು ಹೋಗಿದ್ದಲ್ಲ, ಸೀಮೆಎಣ್ಣೆಗೆ ಹೋಗಿದ್ದೆ. ಅವಳ ಕಣ್ಣು ಅರಿಸಿನದ ಹಾಗಿತ್ತು. ಮೈದುನ ಟಿಕೆಟ್ಟಿಗೆ ಹೋಗಿದ್ದ. ಬಸ್ಸಿನ ಮೆಟ್ಟಿಲು ಹತ್ತಿದವಳು ಕೆಳಗಿಟ್ಟ ಬಟ್ಟೆಯ ಗಂಟಿಗೆ ಬಗ್ಗಿದಳು, ಬಗ್ಗಲು ಆಗಲಿಲ್ಲ. ನಾನು ಹೋಗಿ ಎತ್ತಿ ಕೊಟ್ಟೆ.

"ಹಿಡಿ" ಎಂದೆ.

ಹಿಡಿದುಕೊಂಡಳು. ಅವಳಿಗೆ ಭಾರವಾಗುತ್ತದೆ ಎಂದು ನಾನು ಕೈ ತೆಗೆದಿರಲಿಲ್ಲ.

"ಬುಡು" ಎಂದಳು.

ಬಿಟ್ಟೆ. ಅದೇ ಕೊನೆ.

ಎಲ್ಸಮ್ಮ ನನ್ನ ಮುಖ ನೋಡಿ ಏನು ಎಂದು ಕೈಯಾಡಿಸಿದಳು. ಗಿಡ ತೋರಿಸಿ, ತೊಡೆಯ ಮೇಲೆ ನಾರು ಹೊಸೆಯುವ ಹಾಗೆ ಮಾಡಿ ತೋರಿಸಿದೆ. ಅವಳಿಗೆ ಹಗ್ಗ ಎಂದು ಗೊತ್ತಾಯಿತು. ಅಷ್ಟು ಗೊತ್ತಾದರೆ ಸಾಕು.

ಮತ್ತೆ ನೆಲಮಾಳಿಗೆ

ಸೋಮವಾರ ಎಲ್ಸಮ್ಮ ಎರಡು ಪೆಟ್ಟಿಗೆ ಬಿಚ್ಚಿ ನನ್ನ ಮುಂದೆ ಇಟ್ಟಳು. ಹಳೆಯದು, ಹೊಸದು. ನೋಡು ಎಂದು ಬೆರಳು ತೋರಿಸಿ ಹೊರಗೆ ಸಿಗರೇಟು ಸೇದಲು ಹೋದಳು. ನಾಲ್ಕು ದಿನ ಯಾರೂ ನನ್ನನ್ನು ನೋಡು ಎಂದಿರಲಿಲ್ಲ, ನಾನೂ ಕೂರಿಸಿದ ಕಡೆ ಕೂತಿದ್ದೆ.

ನೋಡಿದೆ. ಹಳೆಯದರಲ್ಲಿ ಹುರಿ ಬೆಸುಗೆಯವರೆಗೂ ಹೋಗಿ ಮುಟ್ಟಿತ್ತು, ಸಣ್ಣ ಹುಡುಗಿಯ ಜಡೆಯ ಹಾಗೆ. ಹೊಸದರಲ್ಲಿ ಒಂದು ಕಡೆ ಸರಿಯಾಗಿಯೇ ಇತ್ತು, ಅದು ನನ್ನ ಕಡೆ. ಇನ್ನೊಂದು ತುದಿಯಲ್ಲಿ ತಂತಿಗಳು ಬೇರೆಬೇರೆಯಾಗಿ, ನಡುವೆ ಒಂದು ಕಣ್ಣು ಬಿಟ್ಟಿತ್ತು. ಕಿರುಬೆರಳು ತೂರುವಷ್ಟು. ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರು. ತಂತಿ ಹೀಗೆ ಬಾಯಿ ಬಿಟ್ಟರೆ ಅದರ ನಡುಕ ಒಳಗೆ ನುಗ್ಗುತ್ತದೆ ಎಂದು ಮೂರ್ತಿ ಸಾರು ಆಮೇಲೆ ಹೇಳಿದರು.

ಅದು ನನ್ನ ಮೊಳೆಯ ಗುರುತು. ಮೊಳೆಯ ಎರಡು ಪಕ್ಕದಲ್ಲಿ ಎರಡು ತಂತಿ ಹಾದುಬಂದು ಆಮೇಲೆ ತಾನೆ ಸೇರುವುದು. ಕೆಂಪಿಯಾದರೆ ಉಗುರಿನಲ್ಲಿ ಚಿವುಟಿ ತುದಿಯವರೆಗೂ ಹುರಿ ಕೂರಿಸುತ್ತಿದ್ದಳು. ಮೊಳೆಗೆ ಉಗುರಿಲ್ಲ. ಮೇಲೆ ಆ ತಂತಿ ಬೆಲೆಬಾಳುವಂಥದ್ದು, ಸ್ಟೋರಿನವರು ಅಳೆದು ಕತ್ತರಿಸಿ ಕೊಡುತ್ತಿದ್ದರು, ಒಂದು ಕಾಳಿನಷ್ಟೂ ಹೆಚ್ಚಿಲ್ಲ. ತುದಿ ಕತ್ತರಿಸಿ ಬಿಸಾಕುವ ಯೋಚನೆಯೇ ನಮಗೆ ಬಂದಿರಲಿಲ್ಲ.

ಮೂರ್ತಿ ಸಾರನ್ನು ಕರೆದೆ. "ಪರದೆ ಹಾಕಿ ಸಾರ್" ಎಂದೆ. ಹಾವು ಹರಿಯತೊಡಗಿತು. ಆ ಕಣ್ಣನ್ನು ಹೆಬ್ಬೆರಳು ತೋರುಬೆರಳಿನ ಉಗುರಿನಲ್ಲಿ ಚಿವುಟಿ ಮುಚ್ಚಿದೆ. ಹಾವು ಮಲಗಿತು. ಗೆರೆಯಾಯಿತು.

ಪ್ರೊಫೆಸರು ಏನೋ ಕೂಗಿದರು. ಮೂರ್ತಿ ಸಾರು ಉಸಿರು ಹಿಡಿದು ಹೇಳಿದರು, "ಬಿಡಿ ಅಕ್ಕಾ."

ಬಿಟ್ಟೆ. ಹಾವು ಎದ್ದಿತು.

"ಹಿಡೀರಿ." ಮಲಗಿತು. "ಬಿಡಿ." ಎದ್ದಿತು. ಹತ್ತು ಸಲ ಮಾಡಿಸಿದರು. ಅವರಿಗೆ ಖುಷಿ. ಹಿಡಿ, ಬಿಡು ಎನ್ನುವುದನ್ನು ಇನ್ನೊಬ್ಬರ ಬಾಯಲ್ಲಿ ಕೇಳಲು ನನಗೆ ಸಾಕಾಯಿತು.

ಮೂರ್ತಿ ಸಾರು ಕಿವಿಯ ಹತ್ತಿರ ಬಂದರು. "ಅಕ್ಕಾ, ಮೊಳೆ ವಿಷಯ ಎತ್ತಬೇಡಿ. ಟ್ರಾನ್ಸ್‌ಫಾರ್ಮರ್ ಹತ್ರ ಆಯ್ತು, ದೂರ ಇಡ್ತೀವಿ ಅಂತೀನಿ. ನಮ್ಮ ಕೆಲಸ ಮೊಳೆ ಹೊಡ್ಕಂಡು ನಡೀತದೆ ಅಂದ್ರೆ ನಗ್ತಾರೆ. ಆರ್ಡರ್ರೇ ಹೋದ್ರೆ?"

"ಮೊಳೆ ಹೊಡದೋಳು ನಾನು. ಸುಳ್ಳು ಹೇಳಿ ಹೋದ್ರೆ ಮುಂದಿನ ಪೆಟ್ಟಿಗೇಲೂ ಇದೇ ಕಣ್ಣು ಬಿಡ್ತದೆ. ಆಗೇನ್ ಹೇಳ್ತೀರಾ?"

ನಾನೇ ಎದ್ದು ಮರದ ಹಲಗೆ, ಮೊಳೆ, ಸುತ್ತಿಗೆ ಬೇಕು ಎಂದು ಕೈಯಲ್ಲಿ ತೋರಿಸಿದೆ. ಎಲ್ಲರ ಮುಂದೆ ಹೊಡೆದು, ತಂತಿ ಸಿಕ್ಕಿಸಿ, ಹೊಸೆದು, ಕಣ್ಣು ತೋರಿಸಿದೆ. ಯಾರೂ ನಗಲಿಲ್ಲ. ಮೊದಲಿನ ಪೆಟ್ಟಿಗೆಗಳಲ್ಲಿ ಯಾಕಿಲ್ಲ ಎಂದು ಪ್ರೊಫೆಸರು ಕೇಳಿದರು. "ಆಗ ಆ ತುದೀಲಿ ನನ್ ವಾರಗಿತ್ತಿ ಇದ್ಲು, ಸತ್ತೋದ್ಲು ಅನ್ನಿ" ಎಂದೆ. ಮೂರ್ತಿ ಸಾರು ಹೇಳಿದರು. ಪ್ರೊಫೆಸರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನು ಬರೆದರು ಎಂದು ಕೇಳಿದೆ.

"ಮೊದಲು ಇಬ್ಬರು, ಈಗ ಒಬ್ಬರು ಮತ್ತು ಒಂದು ಮೊಳೆ, ಅಂತ ಬರ್ಕಂಡ್ರು" ಎಂದರು ಮೂರ್ತಿ ಸಾರು.

ಸರಿಯಾಗಿಯೇ ಬರೆದಿದ್ದಾರೆ.

ಕೊನೆಯ ದಿನ

ಆಮೇಲಿನದು ಸುಲಭ. ಎಲ್ಸಮ್ಮ ತನ್ನ ಕೆಲಸ ತೋರಿಸಿದಳು. ಅವಳದೂ ಒಂದು ಕಡೆ ಕಬ್ಬಿಣದ ಹಿಡಿಕೆಯೇ, ಮನುಷ್ಯರಿಲ್ಲ. ಇನ್ನೊಂದು ಕಡೆಯನ್ನು ಕೈಯಲ್ಲಿ ತಿರುಗಿಸುವ ಡ್ರಿಲ್ಲಿಗೆ ಸಿಕ್ಕಿಸಿ ಗರಗರ ತಿರುಗಿಸಿದಳು. ಆದ ಮೇಲೆ ಇಕ್ಕಳದಲ್ಲಿ ಹಿಡಿಕೆಯ ಕಡೆಯ ತುದಿಯನ್ನು ಕಟಕ್ಕನೆ ಕತ್ತರಿಸಿ ಕಸದ ಡಬ್ಬಿಗೆ ಹಾಕಿದಳು. ಕಣ್ಣು ಬಿಟ್ಟ ಭಾಗವೇ ಹೋಯಿತು. ಉಳಿದದ್ದು ಪೂರ್ತಿ ಹುರಿ. ಮೊದಲೇ ನಾಲ್ಕು ಬೆರಳಿನಷ್ಟು ಹೆಚ್ಚು ತಂತಿ ತೆಗೆದುಕೊಂಡರೆ ಮುಗಿಯಿತು.

ಕಸದ ಡಬ್ಬಿಯಿಂದ ಆ ಚೂರನ್ನು ಎತ್ತಿ ಅಂಗೈಯಲ್ಲಿ ಇಟ್ಟು ನೋಡಿದೆ. ಕೆಂಪಿ ಇಲ್ಲದ್ದಕ್ಕೆ ಬೇಕಾದದ್ದು ಇಷ್ಟೇ. ನಾಲ್ಕು ಬೆರಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಎಲ್ಸಮ್ಮನ ಡ್ರಿಲ್ಲನ್ನು ಪಕ್ಕಕ್ಕೆ ಸರಿಸಿದೆ. ಅವಳನ್ನು ಎದುರಿಗೆ ಕೂರಿಸಿದೆ. ತಂತಿಯ ತುದಿ ಅವಳ ಉಗುರಿಗೆ ಕೊಟ್ಟು, "ಹಿಡಿ" ಎಂದೆ. ಭಾಷೆ ಬೇಕಾಗಲಿಲ್ಲ, ಹಿಡಿದಳು. ನಾನು ಬಲಕ್ಕೆ, ಅವಳು ಎಡಕ್ಕೆ. ಒಳ್ಳೆಯ ಕೈ, ಬೇಗ ಕಲಿತಳು. ಹುರಿ ಕೂರುತ್ತಾ ಬಂತು, ತುಂಬಿತು. ನಾನು ತಿರುವುತ್ತಲೇ ಇದ್ದೆ. ಎದುರಿನಿಂದ ಒಂದು ಮಾತು ಬರಬೇಕಿತ್ತು, ಬರಲಿಲ್ಲ. ಅವಳಿಗೇನು ಗೊತ್ತು. ಹುರಿ ಮೀರಿ ತಂತಿ ನಡುವೆ ಗಂಟಿಕ್ಕಿಕೊಂಡಿತು. ಕೆಟ್ಟುಹೋಯಿತು.

ಎಲ್ಸಮ್ಮ ಇನ್ನೊಂದು ತಂತಿ ತೆಗೆದು ಕೊಟ್ಟಳು. ಈ ಸಲ ತುಂಬಿದಾಗ "ಬುಡು" ಎಂದು ನಾನೇ ಅಂದೆ.

ಅವಳು ಡ್ರಿಲ್ಲಿನಲ್ಲಿ ಮಾಡಿದ್ದನ್ನು ಒಂದು ಪೆಟ್ಟಿಗೆಗೆ, ನಾವಿಬ್ಬರೂ ಮಾಡಿದ್ದನ್ನು ಇನ್ನೊಂದಕ್ಕೆ ಹಾಕಿ ನೋಡಿದರು. ಎರಡರ ಗೆರೆಯೂ ಒಂದೇ. ಗಾಜಿನ ಬುಡ್ಡಿಯಲ್ಲಿ ಬೆಳಕಿನ ದಾರವೂ ಒಂದೇ. ಯಾವುದು ಯಾರದು ಎಂದು ಆ ಸೂಕ್ಷ್ಮದ ಯಂತ್ರಕ್ಕೂ ಗೊತ್ತಾಗಲಿಲ್ಲ.

ಹೊಸೂರು

ಬಂದ ದಿನ ಯಜಮಾನ ಮುದ್ದೆ ತೊಳಸಿಟ್ಟಿದ್ದ, ಒಳಗೆಲ್ಲ ಹಿಟ್ಟಿನ ಗಂಟು. ತಿಂದೆ. ಮೈದುನ ನಡುಗೋಡೆಯ ಆಚೆಯಿಂದ ಬಂದು, "ಅತ್ತಿಗೆ, ಆ ಒರಳುಕಲ್ಲು ಈ ಕಡೀಕೆ ಉರುಳಿಸ್ಲಾ? ಅಲ್ಲಿ ರುಬ್ಬೋರು ಯಾರವ್ರೆ?" ಎಂದ.

"ಎಲ್ಲೈತೋ ಅಲ್ಲೇ ಇರ್ಲಿ. ರುಬ್ಬಬೇಕಾದ್ರೆ ನಾನೇ ಬತ್ತೀನಿ" ಎಂದೆ.

ಬೆಂಚು ಉಳಿಯಿತು. ಸ್ಟೋರಿನವರು ತಂತಿಯನ್ನು ಮೊದಲಿಗಿಂತ ನಾಲ್ಕು ಬೆರಳು ಉದ್ದವಾಗಿ ಕತ್ತರಿಸಿ ಕೊಡತೊಡಗಿದರು. ಹೆಂಗಸರು ಎರಡು ದಿನ ಜರ್ಮನಿಯ ಕಥೆ ಕೇಳಿದರು. ವಿಮಾನದ ಗಂಟನ್ನು ನಾಲ್ಕು ಸಲ ಹೇಳಿಸಿದರು.

"ಎದುರಿಗೆ ಇನ್ನೊಬ್ಬಳನ್ನ ಹಾಕ್ಕಂತೀಯಾ ನಂಜಕ್ಕ?" ಎಂದು ಕೇಳಿದರು.

"ಬ್ಯಾಡ. ಮೊಳೆ ಐತಲ್ಲ."

ಕಣ್ಣು ಮಂಜಾಗಿ ಕೆಲಸ ಬಿಡುವವರೆಗೂ ಆ ಮೊಳೆಯ ಮುಂದೆಯೇ ಕೂತೆ. ತಂತಿ ಸಿಕ್ಕಿಸುವಾಗ "ಹಿಡಿ" ಎನ್ನುತ್ತಿದ್ದೆ. ಹುರಿ ತುಂಬಿದ್ದು ತಿಳಿಯುವುದು ನನಗೆ ಅವಳಿಗಿಂತ ತಡ, ಆದರೂ ತಿಳಿಯುತ್ತಿತ್ತು. ಆಗ "ಬುಡು" ಎಂದೂ ನಾನೇ ಅಂದು, ನಾಲ್ಕು ಬೆರಳು ಕತ್ತರಿಸಿ ಕೆಳಗೆ ಹಾಕುತ್ತಿದ್ದೆ. ಸಂಜೆ ಗುಡಿಸುವವಳು ಬಂದು ಗುಡಿಸಿಕೊಂಡು ಹೋಗುತ್ತಿದ್ದಳು.